ಎರಡೇ ತೋಟೆ

ಐದು ಇರಬೇಕಾದ ಕಡೆ ನಾಲ್ಕೇ ಬೋಲ್ಟ್ ಇದ್ದವು.

ಶನಿವಾರ ಬೆಳಗಿನ ಏಳೂಕಾಲು. ಡಚ್ಚರ ಸಣ್ಣ ಊರಾದ ವಾಗೆನಿಂಗನ್ನಿನ ಸಾಲುಮನೆಯೊಂದರಲ್ಲಿ, ಮೆಟ್ಟಿಲ ಕೆಳಗಿನ ಸಣ್ಣ ತಿಜೋರಿಯ ಮುಂದೆ ಅರವತ್ತಾರು ವರ್ಷದ ಉತ್ತಯ್ಯ ಮೊಣಕಾಲೂರಿ ಕೂತು ಒಮ್ಮೆ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಆಮೇಲೆ ಫೋನ್ ಎತ್ತಿಕೊಂಡು, ಪೊಲೀಸರಿಗೆ ಮಾಡಬೇಕಾದ ಕರೆಯನ್ನು ಅಫ್ಶಾನ್‌ಗೆ ಮಾಡಿದರು.

"ನೀನು ಬರಬೇಕು," ಎಂದರು.

"ಭಾನುವಾರ ನಾಳೆ ಅಲ್ವಾ ಅಂಕಲ್?"

"ಗೊತ್ತುಂಟು. ಇವತ್ತು ಬಾ."

ಅಫ್ಶಾನ್ ಚನ್ನಪಟ್ಟಣದವಳು. ಹಾರ್ಲೆಮ್‌ನಲ್ಲಿ ಒಬ್ಬಳೇ ಇರುವ ಮನೆ, ವಿಮಾ ಕಚೇರಿಯಲ್ಲಿ ಕೆಲಸ. ಕಳೆದುಹೋಯಿತು ಎಂದು ಜನ ಬರೆದುಕೊಡುವ ವಸ್ತು ನಿಜವಾಗಿ ಕಳೆದಿದೆಯೇ ಎಂದು ಪತ್ತೆಮಾಡುವುದೇ ಆ ಕೆಲಸ. ನಾಲ್ಕು ವರ್ಷದ ಹಿಂದೆ ಉತ್ತಯ್ಯನವರ ಅಡುಗೆಮನೆಗೆ ನೀರು ನುಗ್ಗಿದಾಗ ಪರಿಶೀಲನೆಗೆ ಬಂದವಳು, ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಕನ್ನಡ ಕಂಡು ಅಲ್ಲೇ ಕಾಫಿಗೆ ಕೂತಿದ್ದಳು. ಅಂದಿನಿಂದ ಅವಳ ಭಾನುವಾರಗಳಿಗೆ ಒಂದು ವಿಳಾಸ ಸಿಕ್ಕಿತ್ತು. ಅವರ ಭಾನುವಾರಗಳಿಗೂ.

ರೈಲು, ಆಮೇಲೆ ಬಸ್ಸು. ಅವಳು ತಲುಪಿದಾಗ ಒಂಬತ್ತೂವರೆ. ಏಪ್ರಿಲ್ ತಿಂಗಳು ಅರ್ಧ ಕಳೆದಿದ್ದರೂ ಗಾಳಿ ಕಿವಿ ಕಚ್ಚುತ್ತಿತ್ತು. ಉತ್ತಯ್ಯ ಬಾಗಿಲಲ್ಲೇ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಪ್ಪು ಕೋಟು.

"ಯಾವುದು ಕಳೆದದ್ದು?"

"ಇಶಾಪುರದ್ದು."

ಅವರ ಬಳಿ ಐದು ಕೋವಿಗಳಿದ್ದವು. ಎಲ್ಲವೂ ಯಾವುದೋ ಸೈನ್ಯ ಸಾಕೆಂದು ಮಾರಿದವು. ಒಂದು ಸ್ವಿಸ್, ಒಂದು ಸ್ವೀಡನ್ನಿನದು, ಒಂದು ಜರ್ಮನ್, ಒಂದು ಈ ದೇಶದ್ದೇ. ಐದನೆಯದು ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ೧೯೪೩ರಲ್ಲಿ ತಯಾರಾದ ಲೀ-ಎನ್‌ಫೀಲ್ಡ್. ಯುದ್ಧ ಮುಗಿದ ಮೇಲೆ ಯಾವ ಯಾವುದೋ ಗೋದಾಮಿನಲ್ಲಿ ಗ್ರೀಸ್ ಮೆತ್ತಿಕೊಂಡು ಮಲಗಿ, ಬೆಲ್ಜಿಯಂನ ವ್ಯಾಪಾರಿಯ ಕೈಗೆ ಬಂದು, ಅಲ್ಲಿಂದ ಉತ್ತಯ್ಯನವರ ಮನೆ ಸೇರಿತ್ತು. ಸಸ್ಯರೋಗಗಳ ಸಂಶೋಧಕರಾಗಿ ಇಲ್ಲಿಗೆ ಬಂದು ಇಪ್ಪತ್ತೆಂಟು ವರ್ಷವಾದ ಅವರು, ನಾವಿಬ್ಬರೂ ಒಂದೇ ದಾರಿಯಲ್ಲಿ ಬಂದವರು ಎಂದು ಅದನ್ನು ತೋರಿಸಿ ಹೇಳುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಹೆಚ್ಚಾಗಿ ಆ ಕೋವಿಗಳ ಜೊತೆಯೇ ಮಾತು.

ಬೋಲ್ಟ್ ಎಂದರೆ ಕೋವಿಯ ಹಿಂಬದಿಯಲ್ಲಿ ಕೂರುವ, ತೋಟೆಯನ್ನು ಒಳಕ್ಕೆ ತಳ್ಳಿ ಬಾಗಿಲು ಹಾಕುವ ಉಕ್ಕಿನ ತುಂಡು. ಅದಿಲ್ಲದ ಕೋವಿ ಬರೀ ಉದ್ದನೆಯ ಕೊಳವೆ. ಆದರೆ ಕಾನೂನಿನ ಕಣ್ಣಿಗೆ ಬೋಲ್ಟ್ ಕಳೆದರೆ ಕೋವಿ ಕಳೆದಂತೆಯೇ.

"ಪೊಲೀಸರಿಗೆ ಹೇಳಿದ್ರೆ?"

"ಪರವಾನಗಿ ಹೋಗ್ತದೆ. ಐದನ್ನೂ ತಗೊಂಡು ಹೋಗ್ತಾರೆ. ಮತ್ತೆ ಕರಗಿಸ್ತಾರೆ."

"ಹೇಳದಿದ್ರೆ ಇನ್ನೂ ಕಷ್ಟ ಅಂಕಲ್."

"ಹೇಳ್ತೇನೆ. ಆದರೆ ಇವತ್ತು ಹನ್ನೆರಡೂವರೆಗೆ ನನಗೆ ಕ್ಲಬ್ಬಿನಲ್ಲಿ ಆ ಕೋವಿ ಬೇಕು. ನಾಳೆ ಬೇಡ. ಇವತ್ತು."

ಯಾಕೆ ಎಂದು ಅವಳು ಕೇಳಿದಳು. ಅವರು ಕಿಟಕಿಯ ಆಚೆ ನೋಡಿದರು.

"ಹನ್ನೊಂದು ಗಂಟೆವರೆಗೆ ಹುಡುಕ್ತೀನಿ," ಎಂದಳು ಅಫ್ಶಾನ್. "ಆಮೇಲೆ ನೀವೇ ಫೋನ್ ಮಾಡ್ತೀರಿ. ಆಯ್ತಾ?"

"ಆಯ್ತು."

ಸಣ್ಣ ತಿಜೋರಿಯ ಬೀಗ ಮುರಿದಿರಲಿಲ್ಲ. ನಾಲ್ಕಂಕಿಯ ಗುಟ್ಟು ಸಂಖ್ಯೆ ಒತ್ತಿಯೇ ತೆಗೆದಿದ್ದರು.

"ಸಂಖ್ಯೆ ಏನು?"

ಉತ್ತಯ್ಯ ಕೋಟಿನ ಗುಂಡಿ ತಿರುವಿದರು.

"ಒಂದು ಒಂಬತ್ತು ನಾಲ್ಕು ಮೂರು?"

"ನಿನಗೆ ಹೇಗೆ ಗೊತ್ತು ಮಾರಾಯ್ತಿ?"

"ನಿಮ್ಮನ್ನ ಬಲ್ಲ ಯಾರಿಗಾದ್ರೂ ಗೊತ್ತಾಗತ್ತೆ. ಸಿಕ್ಕವರಿಗೆಲ್ಲ ಆ ಇಸವಿ ಹೇಳ್ತೀರಿ."

ಒಳಗೆ ನಾಲ್ಕು ಬೋಲ್ಟ್‌ಗಳು, ಎಣ್ಣೆಬಟ್ಟೆಯಲ್ಲಿ ಸುತ್ತಿ ಸಾಲಾಗಿ ಮಲಗಿಸಿದ್ದು. ಯಾವುದರ ಮೇಲೂ ಚೀಟಿಯಿಲ್ಲ. ಅಫ್ಶಾನ್‌ಗೆ ನಾಲ್ಕೂ ಒಂದೇ ಥರ ಕಂಡವು. ಪಕ್ಕದಲ್ಲಿ ಕೋವಿಗಳ ದೊಡ್ಡ ತಿಜೋರಿಯ ಕೀಲಿ. ಕೆಳಗಿನ ಅರೆಯಲ್ಲಿ ತೋಟೆಗಳ ಪೆಟ್ಟಿಗೆಗಳು. ಅವುಗಳಿಂದ ಬೇರೆಯಾಗಿ, ಬಿಳಿ ಬಟ್ಟೆಯ ಪುಟ್ಟ ಗಂಟು. ಬಿಚ್ಚಿದಳು. ಎರಡು ತೋಟೆ.

"ಇದೇನು?"

"ಇವತ್ತಿಗೆ."

"ಎರಡೇ?"

"ಎರಡು ಸಾಕು."

ಅವಳು ಗಂಟನ್ನು ಹಾಗೆಯೇ ಕಟ್ಟಿ ಇಟ್ಟಳು.

"ಬೋಲ್ಟನ್ನ ಕೊನೇ ಸಲ ನೋಡಿದ್ದು ಯಾವಾಗ?"

"ನಿನ್ನೆ ಮಧ್ಯಾಹ್ನ. ಒರೆಸಿ ಇಟ್ಟೆ. ನಾಲ್ಕಕ್ಕೆ ನದಿ ಕಡೆ ನಡೆಯಲಿಕ್ಕೆ ಹೋದೆ. ಆರಕ್ಕೆ ಬಂದೆ."

ಆ ಎರಡು ಗಂಟೆಯಲ್ಲಿ ಮನೆಯೊಳಗೆ ಇದ್ದವರು, ಬಂದುಹೋದವರು ಸೇರಿ ಮೂವರು. ಬಾಡಿಗೆಗಿರುವ ಮೈಸೂರಿನ ಕಿಶನ್ — ವಿಶ್ವವಿದ್ಯಾಲಯದಲ್ಲಿ ಆಲೂಗಡ್ಡೆಯ ರೋಗದ ಮೇಲೆ ಪಿಎಚ್‌ಡಿ ಮಾಡುತ್ತಿರುವವನು, ಮೇಲಿನ ಕೋಣೆಯಲ್ಲಿ ವಾಸ. ಎದುರುಮನೆಯ ವತ್ಸಲಾ — ಅವರ ಬಳಿ ಮನೆಯ ಇನ್ನೊಂದು ಕೀಲಿ ಇತ್ತು. ಮತ್ತು ಯಾಪ್, ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿ. ಅವನೂ ಹಳೆಯ ಕೋವಿಗಳ ಹುಚ್ಚಿನವನೇ.

"ಇಶಾಪುರದ್ದನ್ನು ಕೊಡು ಅಂತ ಯಾಪ್ ಒಂಬತ್ತು ವರ್ಷದಿಂದ ಕೇಳ್ತಾ ಇದ್ದಾನೆ," ಎಂದರು ಉತ್ತಯ್ಯ.

ಅಫ್ಶಾನ್ ಮೊದಲು ಅವನಿಗೇ ಫೋನ್ ಮಾಡಿದಳು. ಯಾಪ್ ಮಾತಾಡಿದ್ದು ಇಂಗ್ಲಿಷಿನಲ್ಲಿ; ಹತ್ತು ಪದದಲ್ಲಿ ಹೇಳುವುದನ್ನು ಐದರಲ್ಲಿ ಮುಗಿಸುವವನು.

"ನಿನ್ನೆ ಐದು ಗಂಟೆಗೆ ಇಲ್ಲಿಗೆ ಬಂದಿದ್ದಿರಾ?"

"ಬಂದಿದ್ದೆ. ಇವತ್ತಿನ ಕಾಗದಕ್ಕೆ ಸಹಿ ಬೇಕಿತ್ತು. ಹುಡುಗ ಬಾಗಿಲು ತೆಗೆದ. ಹತ್ತು ನಿಮಿಷ ಕೂತೆ. ಹೊರಟೆ."

"ಆ ಹತ್ತು ನಿಮಿಷ ಒಬ್ಬರೇ ಇದ್ದಿರಾ?"

"ಹೌದು. ಏನು ಕಳೆದಿದೆ?"

"ಕಳೆದಿದೆ ಎಂದು ನಾನು ಹೇಳಲಿಲ್ಲ."

"ನೀವು ವಿಮೆಯವರು. ಶನಿವಾರ ಫೋನ್ ಮಾಡಿದ್ದೀರಿ."

ಅವಳು ಒಂದು ಕ್ಷಣ ಯೋಚಿಸಿ, ಬೋಲ್ಟಿನ ವಿಷಯ ಹೇಳಿದಳು.

"ಬೋಲ್ಟ್ ಮಾತ್ರ? ಕೋವಿ ಇದೆಯೇ?" ಯಾಪ್ ಈ ಸಲ ಐದು ಪದಕ್ಕೆ ನಿಲ್ಲಲಿಲ್ಲ. "ಆ ಕೋವಿಯ ಬೋಲ್ಟಿನ ಮೇಲೂ ಮೈಮೇಲೂ ಒಂದೇ ಸಂಖ್ಯೆ ಕೊರೆದಿದೆ. ಎಂಬತ್ತು ವರ್ಷ ಜೊತೆಗಿವೆ. ಬೇರೆ ಮಾಡಿದರೆ ಎರಡೂ ಹಾಳು. ಕದಿಯುವುದಾದರೆ ನಾನು ಜೋಡಿಯನ್ನೇ ಕದಿಯುತ್ತಿದ್ದೆ. ಕೇಳಿ — ಉತ್ತಯ್ಯ ಆರೋಗ್ಯವಾಗಿದ್ದಾನೆಯೇ?"

"ಯಾಕೆ?"

"ಪ್ರತಿ ಶನಿವಾರ ನಲವತ್ತು ತೋಟೆ ಹೊಡೆಯುವವನು. ಇವತ್ತು ಎರಡು ಎಂದು ಬರೆದಿದ್ದಾನೆ. ಗುರಿಗೆ ಹೊಡೆಯುವ ಸಾಲಿನಲ್ಲಿ ಕೊನೆಯ ಅಂಕಣ ಬೇಕು, ಪಕ್ಕದಲ್ಲಿ ಯಾರೂ ಬೇಡ ಎಂದಿದ್ದಾನೆ. ಕಾರಣ ಕೇಳಿದೆ. ಖಾಸಗಿ ಎಂದ. ಹಾಗಾದರೆ ನಾನೇ ನಿನ್ನ ಬೆನ್ನ ಹಿಂದೆ ನಿಂತಿರುತ್ತೇನೆ ಎಂದೆ. ಆಗಲಿ ಎಂದ."

ಅಫ್ಶಾನ್ ಫೋನ್ ಕೆಳಗಿಟ್ಟಳು. ಕೊನೆಯ ಅಂಕಣ. ಎರಡು ತೋಟೆ. ಇಸ್ತ್ರಿ ಮಾಡಿದ ಬಿಳಿ ಅಂಗಿ.

ವತ್ಸಲಾ ಬಾಗಿಲು ತೆಗೆದಾಗ ಸಾರಿನ ಒಗ್ಗರಣೆಯ ವಾಸನೆ ಬೀದಿಗೇ ಬಂತು.

"ನಿನ್ನೆ ನಾಲ್ಕೂವರೆಗೆ ಹೋಗಿದ್ದೆ ಕಣಮ್ಮ. ಅವರ ಪಾರ್ಸೆಲ್ ನಮ್ಮನೇಲಿ ಬಿಟ್ಟಿದ್ರು, ಒಳಗಿಟ್ಟು ಬಂದೆ. ಯಾಕೆ, ಏನಾಯ್ತು?"

"ಕೋವಿದು ಒಂದು ಭಾಗ ಕಾಣ್ತಿಲ್ಲ."

"ಒಂದೇ? ಎಲ್ಲ ಹೋಗಿದ್ರೆ ನೆಮ್ಮದಿಯಾಗಿರ್ತಿದ್ದೆ ನೋಡು. ಅದನ್ನ ಕೊಟ್ಟುಬಿಡಿ ಉತ್ತಯ್ಯನವರೇ, ಒಂದು ನಾಯಿ ಸಾಕಿ ಅಂತ ಎಷ್ಟು ಸಲ ಹೇಳಿದೀನಿ. ನನ್ನ ಮೇಲೆ ಸಿಟ್ಟು ಬಂದಿರ್ಬೇಕು."

"ಸಿಟ್ಟು ಅಂತ ಯಾಕೆ ಅಂದ್ಕೊಂಡ್ರಿ?"

ವತ್ಸಲಾ ಅಡುಗೆಕಟ್ಟೆಯ ಕಡೆ ಕೈ ತೋರಿಸಿದರು. ಸ್ಟೀಲ್ ಡಬ್ಬಿಗಳ ಸಾಲು.

"ಹೋದ ವಾರ ಗುರುವಾರ ಎಲ್ಲ ಡಬ್ಬಿ ತೊಳೆದು ತಂದು ವಾಪಸ್ ಕೊಟ್ರು. ಎರಡು ವರ್ಷದಿಂದ ಅಲ್ಲೇ ಉಳ್ಕೊಂಡಿದ್ದವೂ ಇದ್ವು. ಸದ್ಯಕ್ಕೆ ಊಟ ಏನೂ ಕಳಿಸ್ಬೇಡಿ ಅಂದ್ರು. ನಾನು ಸಾರು ಮಾಡೋದು ಬಿಟ್ಟಿಲ್ಲ, ಅಭ್ಯಾಸ. ಯಾರು ತಿಂತಾರೆ?"

"ಬೋಲ್ಟ್ ಅಂದ್ರೆ ಗೊತ್ತಾ ನಿಮಗೆ?"

"ಬಾಗಿಲಿಗೆ ಹಾಕ್ತೀವಲ್ಲ, ಅದಾ?"

ಅಫ್ಶಾನ್ ರಸ್ತೆ ದಾಟಿ ವಾಪಸು ಬಂದಳು. ವತ್ಸಲಾ ಕದ್ದಿದ್ದರೆ ಐದನ್ನೂ ಬಾಚಿಕೊಂಡು ಹೋಗುತ್ತಿದ್ದರು. ಚೀಟಿಯಿಲ್ಲದ ಐದರಲ್ಲಿ ಇಶಾಪುರದ್ದನ್ನೇ ಆರಿಸಲು ಕೋವಿಯ ಜ್ಞಾನ ಬೇಕು.

ಗಡಿಯಾರದಲ್ಲಿ ಹತ್ತೂಕಾಲು. ಕಿಶನ್ ಅಡುಗೆಮನೆಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ. ಕಣ್ಣು ಕೆಂಪಗಿದ್ದವು.

"ನಿನ್ನೆ ಸಂಜೆ ಎಲ್ಲಿದ್ದೆ ಕಿಶನ್?"

"ಮೇಲೆ ರೂಮಲ್ಲೇ ಮೇಡಂ. ಚಾಪ್ಟರ್ ಸಬ್ಮಿಟ್ ಮಾಡ್ಬೇಕಿತ್ತು. ಯಾಪ್ ಬಂದಾಗ ಒಂದ್ಸಲ ಕೆಳಗೆ ಬಂದೆ."

"ಸದ್ದು ಏನಾದ್ರೂ ಕೇಳಿಸ್ತಾ?"

"ಹೆಡ್‌ಫೋನ್ ಹಾಕ್ಕೊಂಡಿದ್ದೆ."

"ಅಂಕಲ್ ನಿನಗೆ ಕೋವಿ ಬಗ್ಗೆ ಹೇಳಿಕೊಡ್ತಾರಂತೆ?"

"ಹೌದು. ಪ್ರತಿ ಬುಧವಾರ ಸರ್ ಕ್ಲೀನ್ ಮಾಡುವಾಗ ಕೂತ್ಕೋತೀನಿ. ಮುಟ್ಟೋಕೆ ಬಿಡಲ್ಲ, ನೋಡೋದಷ್ಟೆ. ರೂಲ್ಸ್ ಅಂತಾರೆ." ಅವನು ಲೋಟವನ್ನು ಕೈಯಲ್ಲಿ ತಿರುಗಿಸಿದ. "ಹಾಗಾದ್ರೆ… ಇವತ್ತು ಸರ್ ಕ್ಲಬ್‌ಗೆ ಹೋಗಲ್ಲ ಅಲ್ವಾ?"

"ಕೋವಿ ಇಲ್ದೆ ಹೇಗೆ ಹೋಗ್ತಾರೆ?"

"ಹೌದೌದು," ಎಂದ ಅವನು.

ಅಫ್ಶಾನ್ ಉತ್ತಯ್ಯನವರನ್ನು ಕರೆದು ದೊಡ್ಡ ತಿಜೋರಿ ತೆಗೆಸಿದಳು. ಐದು ಕೋವಿಗಳೂ ನೆಟ್ಟಗೆ ನಿಂತಿದ್ದವು. ಕಳೆದ ವಸ್ತುವನ್ನು ಹುಡುಕುವಾಗ ಉಳಿದ ವಸ್ತುಗಳನ್ನೂ ನೋಡಬೇಕೆಂಬುದು ಅವಳು ಕೆಲಸದಲ್ಲಿ ಕಲಿತದ್ದು. ಒಂದೊಂದನ್ನೂ ಮೇಜಿನ ಮೇಲಿಡಲು ಹೇಳಿದಳು.

ಸ್ವಿಸ್ ಕೋವಿಯನ್ನು ಇಡುತ್ತಾ ಉತ್ತಯ್ಯ, ಚಿಂತೆಯ ನಡುವೆಯೂ, ಅಭ್ಯಾಸಬಲದಿಂದ ಶುರುಮಾಡಿದರು. "ಇದರ ಹಿಂದಿನ ತಗಡು ಬಿಚ್ಚಿದ್ರೆ ಒಳಗೊಂದು ಚೀಟಿ ಉಂಟು. ಇದನ್ನು ಹಿಡಿದಿದ್ದ ಸಿಪಾಯಿಯ ಹೆಸರು, ಊರು. ನಾನು ಆ ವಿಳಾಸಕ್ಕೆ ಕಾಗದ ಬರೆದಿದ್ದೆ. ಉತ್ತರ ಬರಲಿಲ್ಲ. ಸತ್ತು ಬಹಳ ವರ್ಷ ಆಗಿರಬೇಕು."

"ಇಶಾಪುರದ್ದರ ಹಿಂದೆ?"

"ಇದರಲ್ಲಿ ಹೆಸರಿಲ್ಲ. ಒಂದು ಗೂಡು ಉಂಟು."

ಕೋವಿಯ ಹಿಂಬದಿಯ ಹಿತ್ತಾಳೆ ತಗಡಿನಲ್ಲಿ ಪುಟ್ಟ ಮುಚ್ಚಳವಿತ್ತು. ಹೆಬ್ಬೆರಳಿನಿಂದ ಒತ್ತಿ ತೆಗೆದು ಕೋವಿಯನ್ನು ಓರೆ ಮಾಡಿದರು. ನಳಿಗೆ ಒರೆಸುವ ಹಗ್ಗದ ಸುರುಳಿ ಅಂಗೈಗೆ ಬಿತ್ತು. ಅವರು ಮತ್ತೆ ಅಲ್ಲಾಡಿಸಿದರು. ಬೇರೇನೂ ಬೀಳಲಿಲ್ಲ.

"ಏನು ಅಂಕಲ್?"

"ಎಣ್ಣೆಬುಡ್ಡಿ ಇಲ್ಲ."

"ಯಾವ ಬುಡ್ಡಿ?"

"ಹಿತ್ತಾಳೆಯದ್ದು. ಇಷ್ಟುದ್ದ. ಕೋವಿಯ ಜೊತೆಗೇ ಬಂದದ್ದು. ಇದರ ಬೋಲ್ಟಿಗೆ ಮಾತ್ರ ನಾನು ಅದರಿಂದಲೇ ಎಣ್ಣೆ ಹಾಕುವುದು. ಯಾಪ್ ನಗ್ತಾನೆ — ಅಂಗಡಿಯ ಸ್ಪ್ರೇ ಹೊಡಿ ಅಂತಾನೆ. ನಿನ್ನೆ ಮಧ್ಯಾಹ್ನ ಇಲ್ಲೇ ಇಟ್ಟಿದ್ದೆ."

ಅಫ್ಶಾನ್ ಕುರ್ಚಿಯಲ್ಲಿ ಕೂತಳು. ಎಲ್ಲವೂ ಒಮ್ಮೆಲೇ ಜಾಗಕ್ಕೆ ಬಂದು ಕೂತಿತ್ತು. ಆದರೆ ಅದರಿಂದ ಸಂತೋಷವಾಗಲಿಲ್ಲ. ಹೋದ ಭಾನುವಾರ ಅವಳು ಇದೇ ಕುರ್ಚಿಯಲ್ಲಿ ಕೂತು ಎರಡು ಗಂಟೆ ಮಾತಾಡಿದ್ದಳು. ಏನೂ ಕಂಡಿರಲಿಲ್ಲ.

"ಕಿಶನ್," ಎಂದು ಕರೆದಳು. "ಸ್ವಲ್ಪ ಇಲ್ಲಿ ಬಾ."

ಅವನು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

"ಅಂಕಲ್, ನಾವು ಬೋಲ್ಟ್ ಹೋಯ್ತು, ಬೋಲ್ಟ್ ಹೋಯ್ತು ಅಂತ ಸಣ್ಣ ತಿಜೋರಿನೇ ನೋಡ್ತಾ ಇದ್ವಿ. ಈ ಬುಡ್ಡಿ ಇದ್ದದ್ದು ದೊಡ್ಡ ತಿಜೋರಿ ಒಳಗೆ, ಕೋವಿಯ ಹೊಟ್ಟೆಲಿ. ಅಂದ್ರೆ ತಗೊಂಡವರ ಕೈಗೆ ಕೋವಿನೂ ಸಿಕ್ಕಿತ್ತು, ಬೋಲ್ಟೂ ಸಿಕ್ಕಿತ್ತು. ಕೋವಿನ ವಾಪಸ್ ಇಟ್ಟು ಬಾಗಿಲು ಹಾಕಿದ್ದಾರೆ. ಯಾವ ಕಳ್ಳ ಹಾಗೆ ಮಾಡ್ತಾನೆ?"

ಉತ್ತಯ್ಯ ಹಗ್ಗದ ಸುರುಳಿಯನ್ನು ಗೂಡಿಗೆ ವಾಪಸು ತುರುಕಿದರು.

"ಯಾಪ್ ಆಗಿದ್ರೆ ಕೋವಿ ಬಿಡ್ತಿರಲಿಲ್ಲ. ಜೋಡಿ ಮುರಿಯೋದು ಅವನ ಕೈಲಾಗಲ್ಲ. ವತ್ಸಲಾ ಆಂಟಿಗೆ ಈ ಗೂಡು ಇರೋದೇ ಗೊತ್ತಿಲ್ಲ. ತಗೊಂಡವರಿಗೆ ಬೇಕಾಗಿದ್ದು ಎರಡೇ. ಈ ಕೋವಿಯಿಂದ ಇವತ್ತು ಗುಂಡು ಹಾರಬಾರದು. ಮತ್ತೆ, ಬೋಲ್ಟ್ ಅವರ ಹತ್ರ ಇರೋ ಅಷ್ಟು ದಿನ ತುಕ್ಕು ಹಿಡೀಬಾರದು. ಇದಕ್ಕೆ ಇದರ ಬುಡ್ಡಿಯ ಎಣ್ಣೆಯೇ ಆಗಬೇಕು ಅಂತ ಬುಧವಾರ ಬುಧವಾರ ನಿಮ್ಮ ಪಕ್ಕ ಕೂತು ಕಲಿತವರು ಒಬ್ಬರೇ. ಅಲ್ವಾ ಕಿಶನ್?"

ಕಿಶನ್ ಕಾಫಿ ಲೋಟವನ್ನು ನೆಲದ ಮೇಲಿಟ್ಟ.

"ಎಲ್ಲರೂ ಏನು ಕಳೀತು ಅಂತ ಕೇಳಿದ್ರು. ನೀನು ಒಬ್ಬನೇ, ಸರ್ ಇವತ್ತು ಹೋಗಲ್ಲ ಅಲ್ವಾ ಅಂತ ಕೇಳಿದೆ."

"ನೀನಾ?" ಎಂದರು ಉತ್ತಯ್ಯ. ಸಿಟ್ಟಿಗಿಂತ ಅಚ್ಚರಿಯೇ ಹೆಚ್ಚಿತ್ತು. "ಯಾಕೆ?"

ಅವನು ನೆಲ ನೋಡಿದ. ಅಫ್ಶಾನ್‌ಗೆ ಅರ್ಥವಾಯಿತು. ಅವನ ಮನಸ್ಸಿನಲ್ಲಿದ್ದದ್ದು ಹಿರಿಯರನ್ನು ಕೇಳಬಾರದ ಪ್ರಶ್ನೆ. ಬೀಗ ತೆಗೆದು ಕದಿಯುವುದು ಅವನಿಗೆ ಕೇಳುವುದಕ್ಕಿಂತ ಸುಲಭವಾಗಿತ್ತು. ಯಾಪ್ ನೇರವಾಗಿ ಕೇಳಿದ್ದ. ಉತ್ತರ ಸಿಗದಿದ್ದಾಗ ಬೆನ್ನ ಹಿಂದೆ ನಿಲ್ಲುತ್ತೇನೆಂದು ಮುಖಕ್ಕೇ ಹೇಳಿದ್ದ. ಅವಳೂ ಬಂದಾಗಿನಿಂದ ಎಲ್ಲರನ್ನೂ ಎಲ್ಲವನ್ನೂ ಕೇಳಿದ್ದಳು, ಇದೊಂದನ್ನು ಬಿಟ್ಟು.

"ಅಂಕಲ್," ಎಂದಳು. "ಆ ಎರಡು ತೋಟೆ ನಿಮಗೇ ಅಂತ ಇಟ್ಕೊಂಡಿದ್ರಾ? ಸಾಯೋಕೆ ಹೊರಟಿದ್ರಾ?"

ಉತ್ತಯ್ಯ ಅವಳನ್ನು ನೋಡಿದರು. ಕಿಶನ್‌ನನ್ನು ನೋಡಿದರು. ಕೋವಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ನಾನು ಸಾಯೋದಾ? ಅಯ್ಯೋ." ಅವರು ಕೂತರು. "ನಮ್ಮಲ್ಲಿ, ಕೊಡವರಲ್ಲಿ, ಗಂಡು ಹುಟ್ಟಿದ್ರೆ ಒಂದು ಗುಂಡು ಹಾರಿಸ್ತಾರೆ. ಯಾರಾದ್ರೂ ಸತ್ತರೆ ಎರಡು. ಒಂದರ ಹಿಂದೆ ಒಂದು. ಅದನ್ನು ಕೇಳಿದವರು ಎಲ್ಲೇ ಇರಲಿ, ಕೈಯಲ್ಲಿದ್ದ ಕೆಲಸ ಬಿಟ್ಟು ಆ ಮನೆಗೆ ಬರ್ತಾರೆ."

"ಯಾರು ಅಂಕಲ್?"

ಅವರು ಕೋವಿಯ ಹಿತ್ತಾಳೆ ಮುಚ್ಚಳವನ್ನು ಒತ್ತಿ ಹಾಕಿದರು. "ಇವತ್ತಿಗೆ ಹನ್ನೊಂದನೇ ದಿನ. ಊರಲ್ಲಿ ಚುನಾವಣೆ. ಎಲ್ಲರ ಕೋವಿಯೂ ಪೊಲೀಸ್ ಠಾಣೆಯಲ್ಲಿ ಇಡಿಸಿದ್ದಾರಂತೆ. ಅದಕ್ಕೆ ಪಟಾಕಿ ಹೊಡೆದ್ರು. ಪಟಾಕಿ. ನಾನು ಫೋನಿನಲ್ಲಿ ನೋಡ್ತಾ ಇದ್ದೆ. ಇಲ್ಲಿಂದ ಹೊರಟಿದ್ರೂ ಮುಗಿದ ಮೇಲೇ ತಲುಪ್ತಿದ್ದೆ. ನಮ್ಮ ಮನೇಲಿ ಯಾರೂ ಪಟಾಕಿಯಲ್ಲಿ ಹೋದವರಿಲ್ಲ. ಹನ್ನೊಂದರೊಳಗೆ ನಾನಾದ್ರೂ ಹಾರಿಸಬೇಕು ಅಂತ ಅಷ್ಟೆ."

"ವತ್ಸಲಾ ಆಂಟಿ ಡಬ್ಬಿಗಳು?"

"ಸೂತಕ ಅಲ್ಲವಾ. ಬೇರೆ ಮನೆಯ ಪಾತ್ರೆ ಇಟ್ಟುಕೊಳ್ಳುವುದು ಬೇಡ ಅನ್ನಿಸಿತು."

"ಭಾನುವಾರ ನಾನು ಬಂದಿದ್ದೆ. ಹೇಳಲಿಲ್ಲ ನೀವು."

"ನೀನು ಉಪ್ಪಿನಕಾಯಿ ಹಾಕಿ ತಂದಿದ್ದೆ. ಮೊದಲನೇ ಸಲ ಸರಿ ಬಂತು ಅಂತ ಅಷ್ಟು ಖುಷಿಯಲ್ಲಿದ್ದೆ. ಅದರ ಮಧ್ಯೆ ಎಂತ ಹೇಳುವುದು?"

ಕಿಶನ್ ಮೆಟ್ಟಿಲು ಹತ್ತಿ ಹೋದ. ಮೇಲೆ ಡ್ರಾಯರ್ ಎಳೆದ ಸದ್ದು. ಇಳಿದು ಬಂದಾಗ ಕೈಯಲ್ಲಿ ಉಣ್ಣೆಯ ಸಾಕ್ಸ್ ಇತ್ತು. ಅದರೊಳಗೆ ಬೋಲ್ಟ್, ಎಣ್ಣೆ ಹಚ್ಚಿ ಮಿರಿಮಿರಿ ಹೊಳೆಯುತ್ತಿದ್ದದ್ದು. ಮತ್ತು ಹೆಬ್ಬೆರಳುದ್ದದ ಹಿತ್ತಾಳೆ ಬುಡ್ಡಿ.

"ಬುಧವಾರ ರಾತ್ರಿ ನೀವು ಈ ಕೋವಿದು ಎರಡೇ ತೋಟೆ ಬಿಳಿ ಬಟ್ಟೆಲಿ ಸುತ್ತೋದು ನೋಡ್ದೆ ಸರ್. ನನ್ನ ಕಡೆ ತಿರುಗಿ, ಬುಡ್ಡಿ ಎಲ್ಲಿರತ್ತೆ ಗೊತ್ತಲ್ಲ, ನಾನಿಲ್ಲದಾಗ್ಲೂ ನೆನಪಿರ್ಲಿ ಅಂದ್ರಿ. ನಂಗೆ ನಿದ್ದೆ ಬರ್ಲಿಲ್ಲ. ಕೇಳೋಣ ಅಂತ ಎರಡು ಸಲ ಬಾಗಿಲವರೆಗೂ ಬಂದೆ."

"ಬಂದವನು ಬಡಿಯಬಾರದಿತ್ತಾ?"

"ಏನಂತ ಕೇಳ್ಲಿ ಸರ್?"

ಉತ್ತಯ್ಯ ಬೋಲ್ಟನ್ನು ಕೋವಿಯ ಸಂಖ್ಯೆಯ ಪಕ್ಕ ಹಿಡಿದು ನೋಡಿದರು. ಗಡಿಯಾರದಲ್ಲಿ ಹತ್ತು ಐವತ್ತು. ಮನೆಯಿಂದ ಆಚೆ ಹೋಗದ ವಸ್ತುವನ್ನು ಕಳೆದದ್ದು ಎನ್ನಬಹುದೇ? ಕಚೇರಿಯಲ್ಲಾಗಿದ್ದರೆ ಅಫ್ಶಾನ್ ಇಲ್ಲ ಎಂದು ಬರೆದು ಕಡತ ಮುಚ್ಚುತ್ತಿದ್ದಳು. ಇಲ್ಲಿ ಬಾಯಲ್ಲಿ ಹೇಳಿದಳು: "ಗುಟ್ಟು ಸಂಖ್ಯೆ ಈಗಲೇ ಬದಲಾಯಿಸಿ. ಯಾವ ಕೋವಿಯ ಇಸವಿಯೂ ಬೇಡ."

ಕ್ಲಬ್ಬು ಊರಾಚೆಯ ಪೈನ್ ಮರಗಳ ನಡುವೆ ಇತ್ತು. ಯಾಪ್ ಬೋಲ್ಟಿನ ಮೇಲಿನ ಸಂಖ್ಯೆಯನ್ನು ತಾನೇ ಓದಿ ನೋಡಿ, ತಲೆಯಾಡಿಸಿ, ಏನೂ ಕೇಳದೆ ಕೊನೆಯ ಅಂಕಣಕ್ಕೆ ಕೈ ತೋರಿಸಿದ. ಹೇಳಿದ್ದಂತೆ ಉತ್ತಯ್ಯನವರ ಬೆನ್ನ ಹಿಂದೆ ನಿಂತ. ಅಫ್ಶಾನ್ ಮತ್ತು ಕಿಶನ್ ಇನ್ನೂ ಹಿಂದೆ, ನೆಲದ ಮೇಲೆ ಬಳಿದ ಹಳದಿ ಗೆರೆಯ ಆಚೆ, ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡು ನಿಂತರು.

ಮೊದಲ ಗುಂಡು. ಬೋಲ್ಟ್ ಎಳೆದು ತಳ್ಳಿದ ಕೈ. ಎರಡನೆಯ ಗುಂಡು.

ಆಚೆ ತುದಿಯ ಅಂಕಣಗಳಲ್ಲಿ ಜನ ತಮ್ಮ ಪಾಡಿಗೆ ಹೊಡೆಯುತ್ತಲೇ ಇದ್ದರು. ಆ ಸದ್ದುಗಳ ನಡುವೆ ಆ ಎರಡು ಯಾವುವೆಂದು ಹೇಳಲು ಯಾರಿಗೂ ಆಗುತ್ತಿರಲಿಲ್ಲ. ಉತ್ತಯ್ಯ ಕೋವಿಯನ್ನು ಬರಿದು ಮಾಡಿ ಕಟ್ಟೆಯ ಮೇಲಿಟ್ಟರು. ಯಾಪ್ ಒಳಗೆ ಇಣುಕಿ ನೋಡಿ ಸರಿದು ನಿಂತ. ಉತ್ತಯ್ಯ ಗುರಿಯ ಕಡೆ ನೋಡಲಿಲ್ಲ. ಬಲಕ್ಕೆ, ಗೇಟಿನಿಂದ ಬರುವ ಕಾಲುದಾರಿಯ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಆದರೂ ನೋಡುತ್ತಲೇ ನಿಂತರು.

ಅಫ್ಶಾನ್ ಪಕ್ಕಕ್ಕೆ ತಿರುಗಿದಾಗ ಕಿಶನ್ ಅಲ್ಲಿರಲಿಲ್ಲ. ಯಾಪ್‌ನ ಅನುಮತಿ ಕೇಳಿ ಹಳದಿ ಗೆರೆ ದಾಟಿ, ಅವರ ಹತ್ತಿರ ಹೋಗಿ, ಕಿವಿಯ ಮುಚ್ಚಳ ಸ್ವಲ್ಪ ಸರಿಸಿ, ಗಟ್ಟಿಯಾಗಿ ಕೇಳುತ್ತಿದ್ದ.

"ಯಾರು ಸರ್ ತೀರಿಹೋಗಿದ್ದು?"

ಉತ್ತಯ್ಯ ಕಾಲುದಾರಿಯಿಂದ ಕಣ್ಣು ತೆಗೆದು ಅವನ ಮುಖ ನೋಡಿದರು.

"ನನ್ನ ಅಕ್ಕ," ಎಂದರು. "ಬೊಳ್ಳಮ್ಮ ಅಂತ."